ಕಬ್ಬಿಣದ ಪುಡಿಗೆ ಬಂದ ಜ್ವರ

ಹಲೋ… ಹಾಂ, ಯಾರ್ರಿ ಮಾತಾಡೂದು?… ಅಲ್ರಿ, “ಏನೂ ಆಗಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ” ಅಂತ ಮೊದಲನೇ ಮಾತಿಗೇ ಅಂದಬಿಟ್ರ ನಾ ಮುಂದ ಏನ ಹೇಳ್ಲಿ? ನೀವ್ಯಾರು ಅನ್ನೂದನ್ನರ ಹೇಳ್ರಿ…

…ಓ, ನಮ್ಮ ಇಂಜಿನಿಯರ ಸಮೀಕ್ಷಾ ಅಕ್ಕಾರಾ? ನಂಬರ ಬ್ಯಾರೆ ಬಂತ್ರಿ, ಗುರ್ತ ಹತ್ತಲಿಲ್ಲ. ನಾನು ಶಂಕ್ರಪ್ಪ, ಶಲವಡಿ ಘಟಕದ ಕಂಟ್ರೋಲ್ ರೂಮಿನ್ಯಾಗ ಕುಂತೀನಿ… ಧ್ವನಿ ಮ್ಯಾಲೇ ಗೊತ್ತಾತು? ಗೊತ್ತಾಗದ ಏನ್ರಿ. ಇಷ್ಟ ವರ್ಷ ಹಿಟ್ಟಿನ ಗಿರಣಿ ನಡಸಿದಂವ ನಾ, ಸಣ್ಣಂಗ ಮಾತಾಡಾಕ ಕಲತಿಲ್ಲ… ಡ್ರೈವರನ ಫೋನೇನು ಇದು? ಮತ್ತ ನಿಮ್ಮದು ಎಲ್ಲೈತಿ?

…ಬೀಗರ ಕೈಯಾಗ? ಘಟಕದ ಫೋಟೋ ನೋಡಾಕತ್ತಾರ? ಹಂಗಾರ ಚಲೊ ಆತಲ್ರಿ… ಹಾಂ, ಹಾಂ, ಸಮಿತಿಯವರು ಅನಬೇಕು, ಬೀಗರು ಅನಬಾರದು. ಆದ್ರ ಹೆಣ್ಣು ನೋಡಾಕ ಬಂದಂಗ ಬರೂ ಮಂದಿಗೆ ಮತ್ತೇನ ಅನ್ನೂದ್ರಿ? ಒಪ್ಪಿದ್ರ ಘಟಕ ಇಲ್ಲೇ ಉಳೀತೈತಿ. ಒಪ್ಪಲಿಲ್ಲಂದ್ರ ಬಿಚ್ಚಿ ಲಾರ್ಯಾಗ ಹಾಕ್ಕೊಂಡು ಬ್ಯಾರೆ ಜಿಲ್ಲಾಕ್ಕ ಒಯ್ತಾರ. ಇದು ಹೆಣ್ಣು ನೋಡೂದಲ್ಲೇನು?

…ಏನಂದ್ರಿ? ಫೋಟೋ ನೋಡೂಮುಂದ ಕೆಂಪು ಮೆಸೇಜು ಬಂತು? ಶಾಖ ಏರಾಕತ್ತೈತಿ ಅಂತ? ಅವರ ಕಣ್ಣಿಗೇ ಬಿತ್ತು?… ನಮ್ಮ ಮಷೀನು ಹಂಗ ನೋಡ್ರಿ, ಮನಿ ಮಾತು ಹೊರಗಿನವರ ಮುಂದ ಆಡಬಾರದು ಅನ್ನೂದು ಅದಕ್ಕ ಗೊತ್ತಿಲ್ಲ. ನೀವೇನಂದ್ರಿ ಅವರಿಗೆ?

…ಹೂಂ… ಹೂಂ… “ನಮ್ಮ ಶಂಕ್ರಪ್ಪ ಅದಾರ, ನೋಡ್ಕೊತಾರ” ಅಂದ್ರಿ? ಅಕ್ಕಾರ, ಅದಕ್ಕಿಂತ ಒಂದ ಸುಳ್ಳ ಹೇಳಿದ್ರ ಚಲೊ ಇತ್ತಲ್ರಿ.

…ಈಗ ಎಷ್ಟೈತಿ? ತಡೀರಿ, ಕನ್ನಡಕಾ ಎಲ್ಲಿಟ್ಟೆ… ಹಾಂ. ಮುನ್ನೂರಾ ಐವತ್ತೆಂಟು ಡಿಗ್ರಿ… ಹೌದ್ರಿ, ನೀವು ಮುಂಜಾನೆ ಅವರನ್ನ ಕರ್ಕೊಂಡ ಬರಾಕ ಹೋಗೂಮುಂದ ಮುನ್ನೂರಾ ನಲವತ್ತಿತ್ತು, ಮೊಳಿ ಹೊಡದಂಗ ನಿಂತಿತ್ತು… ಕೆಂಪು ಗೆರಿ ಮುನ್ನೂರಾ ಎಪ್ಪತ್ತಕ್ಕ, ಗೊತ್ತೈತಿ. ಅದನ್ನ ಮುಟ್ಟಿದ್ರ ಮಷೀನು ಯಾರನ್ನೂ ಕೇಳದ ತಾನಾಗೇ ಬಂದ ಆಗತೈತಿ. ಮತ್ತ ಹಚ್ಚಬೇಕಂದ್ರ ವಾರ ಹಿಡೀತೈತಿ. ಬೀಗರು ವಾರಗಟ್ಟಲೆ ಕುಂದರೂ ಪೈಕಿ ಅಲ್ಲ.

…ಇಲ್ರಿ, ಗಾಬರಿ ಆಗಿಲ್ಲ. ಸ್ವಲ್ಪ ಬೆವತೀನಿ, ಅಷ್ಟ. ನೀವು ಕಲಿಸಿದ್ದೆಲ್ಲಾ ನೆನಪೈತಿ. ಹೇಳ್ಲೇನು?… ಬ್ಯಾಡಂದ್ರೂ ಹೇಳತೀನಿ, ಹೇಳಿದ್ರ ನನಗ ಧೈರ್ಯ ಬರ್ತೈತಿ. ಹತ್ತಿ ಕಟ್ಟಿಗಿ ಅರ್ಧಮರ್ಧ ಸುಟ್ಟು ಮಾಡಿದ ಗ್ಯಾಸು ಗೋಪುರದ ಕೆಳಗಿಂದ ಊದತೀವಿ. ಒಳಗಿನ ಕಬ್ಬಿಣದ ಪುಡಿ ಆ ಗಾಳಿಗೆ ಎದ್ದು, ನೀರು ಕುದ್ದಂಗ ಕುದೀತೈತಿ. ಗ್ಯಾಸು ಪುಡಿಗೆ ತಾಗಿ ಎಣ್ಣಿ ಆಗತೈತಿ. ಎಣ್ಣಿ ಆಗೂಮುಂದ ಶಾಖ ಬಿಡತೈತಿ. ಆ ಶಾಖ ಹೀರಾಕ ಪುಡಿಯೊಳಗ ನೀರಿನ ಪೈಪು ಇಳಿಬಿಟ್ಟೀವಿ. ನೀರು ಉಗಿ ಆಗಿ ಮ್ಯಾಲಿನ ಡ್ರಮ್ಮಿಗೆ ಹೋಗೂಮುಂದ ಶಾಖಾನೂ ಹೊತ್ಕೊಂಡ ಹೋಗತೈತಿ. ಹೀರಲಿಲ್ಲ ಅಂದ್ರ ಪುಡಿ ಒಂದಕ್ಕೊಂದು ಹತ್ಕೊಂಡು ಗಂಟಾಗಿ, ತಳಾ ಹಿಡದ ಉಪ್ಪಿಟ್ಟಿನಂಗ… ಸರಿ, ಸರಿ. ಉಪ್ಪಿಟ್ಟು ಬಿಡ್ರಿ.

…ಡ್ರಮ್ಮಿನ್ಯಾಗ ನೀರೆಷ್ಟೈತಿ? ಅದ ಸೋಜಿಗ ನೋಡ್ರಿ. ನೀರು ಕಡಿಮಿ ಆಗಿದ್ರ ನನಗೂ ತಿಳೀತಿತ್ತು. ಕಂಪ್ಯೂಟರಿನ್ಯಾಗ ತುಂಬಿ ತುಳಕಾಕತ್ತೈತಿ. ಜಾಸ್ತಿ ಆತಂತ ನೀರಿನ ವಾಲ್ವು ತಾನ ಮುಚಗೊಂಡ ಕುಂತೈತಿ. ಅದಕ್ಕ ನಾ ನೀರಿನ ಚಿಂತಿ ಬಿಟ್ಟು ಗ್ಯಾಸಿನ ಕಡೆ ಹುಡಕಾಕತ್ತಿದ್ದೆ.

…ಗಾಜಿನ ಕೊಳವಿ? ಡ್ರಮ್ಮಿನ ಬಾಜು ಇರೂದಾ?… ಇಲ್ರಿ, ಅದನ್ನ ನೋಡಿಲ್ಲ. ಕಂಪ್ಯೂಟರ ಇದ್ದಾಗ ಗಾಜು ಯಾಕ ನೋಡೂದಂತ… ಹಾಂ, ಹೆಲ್ಪರ ಗೂಳಪ್ಪ ಡ್ರಮ್ಮಿನ ಹತ್ರ ಮ್ಯಾಲೇ ಅದಾನ, ಕಿಟಕಿಯಿಂದ ಕೇಳತೀನಿ, ಫೋನ ಇಡಬ್ಯಾಡ್ರಿ. ಲೇ ಗೂಳಪ್ಪಾ, ಗಾಜಿನ ಕೊಳವ್ಯಾಗ ನೀರು ಎಲ್ಲಿತನಕ ಐತಿ ನೋಡಲೇ… ಕೈಲೆ ತೋರಸ್ಬ್ಯಾಡ, ಬಾಯಿಲೆ ಹೇಳ…

…ಅಕ್ಕಾರ. ತಳದಾಗ ಐತಂತ್ರಿ. ಒಂದ ಬೆರಳಷ್ಟ ಕಾಣತೈತಂತ.

…ಹೌದ್ರಿ, ಇನ್ನೂ ಕಾಣತೈತಿ, ಪೂರ್ತಿ ಇಳದಿಲ್ಲ. ಅಂದ್ರ ಕಂಪ್ಯೂಟರ ತುಂಬೇತಿ ಅಂತೈತಿ, ಗಾಜು ಮುಗೀಲಿಕ್ಕೆ ಬಂತು ಅಂತೈತಿ. ಇಬ್ಬರಾಗ ಯಾರನ್ನ ನಂಬೂದು?… ಗಾಜು. ಖರೆ. ಗಾಜಿಗೆ ಲೆಕ್ಕಾ ಮಾಡಾಕ ಬರೂದಿಲ್ಲ, ಪಾಪ, ಇದ್ದದ್ದ ತೋರಸ್ತೈತಿ.

…ಹೇಳ್ರಿ, ಒಂದೊಂದ ಹೇಳ್ರಿ. ಮೊದಲ ಹೊಸಾ ಗ್ಯಾಸು ಕಡಿಮಿ ಮಾಡೂದು… ಮಾಡಿದೆ. ಇನ್ನೊಂದಿಷ್ಟು?… ಮಾಡಿದೆ. ಪೂರಾ ಬಂದ ಮಾಡ್ಲೇನು?… ಇಲ್ಲ, ಇಲ್ಲ, ತಿಳೀತು, ಊದೂದು ನಿಂತ್ರ ಪುಡಿ ಕೆಳಗ ಕುಂತಬಿಡತೈತಿ, ಕುಂತ ಪುಡಿ ಮತ್ತ ಏಳೂದಿಲ್ಲ. ತಿರುಗಿ ಬರೂ ಗ್ಯಾಸು ಹಂಗ ಬಿಟ್ಟೀನಿ, ಅದ ಪುಡೀನ ಆಡಸ್ತಿರಲಿ. ಇನ್ನ ನೀರು… ಕಂಪ್ಯೂಟರಿನ ಕೈಯಿಂದ ಬಿಡಿಸಿ ನಮ್ಮ ಕೈಲೆ ತಗೀಬೇಕು. ಒಮ್ಮೆಲೆ ತಗದ್ರ?… ಹೂಂ, ಕಾದ ಹಂಚಿನ ಮ್ಯಾಲೆ ತಣ್ಣೀರ ಹೊಡದಂಗ, ಪೈಪು ಸೀಳತೈತಿ. ಗೂಳಪ್ಪಾ, ನೀರಿನ ವಾಲ್ವು ಕೈಲೆ ತಗೀಪಾ. ಕಾಲ ಸುತ್ತು. ಕಾಲ ಸುತ್ತ ಅಂದ್ರ ಕಾಲ ಸುತ್ತ, ಗಡಿಬಿಡಿ ಬ್ಯಾಡ.

…ಮುನ್ನೂರಾ ಅರವತ್ತೆರಡು ಆತ್ರಿ. ನೀವೀಗ ಎಲ್ಲದೀರಿ?… ಅಣ್ಣಿಗೇರ್ಯಾಗ? ಚಾ ಕುಡದ್ರೇನು ಅವರು?… ಎರಡನೇ ಸುತ್ತೂ ಆತು. ಹಂಗಾರ ಒಂದ ಕೆಲಸಾ ಮಾಡ್ರಿ. ಅಮೃತೇಶ್ವರ ಗುಡಿಗೆ ಕರ್ಕೊಂಡ ಹೋಗ್ರಿ. ಕಂಬ ಎಷ್ಟದಾವ ಎಣಸ್ರಿ ಅಂತ ಹೇಳ್ರಿ. ನಾ ಒಮ್ಮೆನೂ ಎಣಿಸಿ ಮುಗಿಸಿಲ್ಲ, ನಡುವ ಯಾರರ ಮಾತಾಡಸ್ತಾರ, ಮತ್ತ ಮೊದಲಿಂದ. ಓದಿದ ಮಂದಿಗಂತೂ ಎಣಸೂದಂದ್ರ ಜೀವ, ಬಿಡೂದಿಲ್ಲ ಅವರು.

…ಹೂಂ?… ಯಾವ ಸಣ್ಣ ಪೈಪು?… ಡ್ರಮ್ಮಿನ ನೆತ್ತಿಯಿಂದ ಬಾಜು ಇಳದ ಬರೂದಾ? ಬೆರಳ ದಪ್ಪಂದು?… ಐತ್ರಿ, ಅದಕ್ಕೇನ ಆಗೇತಿ. ಇದ್ದಲ್ಲೇ ಐತಿ… ಯಾರರ ಮುಟ್ಟ್ಯಾರೇನು ಅಂದ್ರ… ಮುಟ್ಟೂದು ಅಂದ್ರ ಹೆಂಗ ಹೇಳೂದ್ರಿ. ಅಕ್ಕಾರ, ಅಲ್ಲಿ ಬಿಸಲ ಭಾಳ ಐತೇನು? ಬೀಗರಿಗೆ ಮಜ್ಜಿಗಿ ಕುಡಸ್ರಿ.

…ಇಲ್ರಿ, ಮಾತು ಹಾರಸಾಕತ್ತಿಲ್ಲ… ಹಾರಸಾಕತ್ತೀನಿ. ಖರೆ. ಆ ಪೈಪು ಯಾಕ ಬೇಕು ನಿಮಗ, ಮೊದಲ ಅದನ್ನ ಹೇಳ್ರಿ.

…ಹೂಂ… ಹೂಂ… ಅದರೊಳಗ ನೀರು ಥಣ್ಣಗ ನಿಂತಿರಬೇಕು. ಅದರ ತೂಕಕ್ಕ ಹೋಲಿಸಿ ಡ್ರಮ್ಮಿನ ನೀರು ಎಷ್ಟಂತ ಕಂಪ್ಯೂಟರ ತಿಳಕೊಂತೈತಿ. ತಕ್ಕಡ್ಯಾಗ ಒಂದ ಕಡೆ ಕಲ್ಲ ಇಟ್ಟಂಗ ಅನ್ರಿ… ಆ ಪೈಪು ಬೆಚ್ಚಗಾದ್ರ ಒಳಗಿನ ನೀರು ಹಗೂರ ಆಗತೈತಿ… ಕಲ್ಲು ಹಗೂರ ಆತು, ಹಂಗಾಗಿ ಇನ್ನೊಂದ ಕಡೆ ಇದ್ದದ್ದು ಜಾಸ್ತಿ ಕಂಡತು… ಅದಕ್ಕ ನೀರ ಬಂದ ಮಾಡ್ತು… ಅದಕ್ಕ ಬ್ಯಾರೆ ಎಲ್ಲಾ ಪೈಪಿಗೂ ಬೆಳ್ಳಿ ತಗಡಿನ ಹೊದಿಕಿ ಹಾಕಿ, ಇದೊಂದನ್ನ ಬರಿಮೈಲೆ ಬಿಟ್ಟೀರಿ. ಬೇಕಂತ ಬಿಟ್ಟೀರಿ.

…ಅಯ್ಯ ಶಿವನ. ಇದನ್ನ ಮೊದಲ ಹೇಳಬಾರದೇನ್ರಿ? ನೀವು ಅದನ್ನ ಹೊದಿಸೂದ ಮರ್ತೀರಿ ಅಂತ ತಿಳಕೊಂಡ್ವಿ ನಾವು.

…“ನಾವು” ಅಂದ್ರ ಯಾರು ಅಂತ ಕೇಳತೀರಿ. ಹೇಳತೀನಿ, ನಗಬಾರದು. ನಮ್ಮ ಸುಶೀಲವ್ವ ಅದಾಳಲ್ರಿ, ನನ್ನ ಹೇಣತಿ, ಇಲ್ಲಿ ಮಂದಿಗೆ ಊಟಾ ಮಾಡಿ ಹಾಕೂವಾಕಿ. ಇವತ್ತ ಬೀಗರು ಬರ್ತಾರಂತ ನಿನ್ನೆಯಿಂದ ಆಕೀಗೆ ಸಮಾಧಾನ ಇಲ್ಲ. ಗೇಟಿನ ಮುಂದ ರಂಗೋಲಿ ಹಾಕಿದಳು, ಗೂಳಪ್ಪಗ ಅಂಗಿ ಬದಲಿ ಮಾಡಸಿದಳು. ಕಡೀಕ ಕುತ್ತಿಗಿ ಎತ್ತಿ ಮ್ಯಾಲೆ ನೋಡಿದಳು. ಎಲ್ಲಾ ಪೈಪು ಅಂಗಿ ತೊಟ್ಕೊಂಡು ಮದವಿಗೆ ಹೊಂಟಂಗ ಅದಾವ, ಇದೊಂದು ಬತ್ತಲ ನಿಂತೈತಿ, ನೋಡಿದವರು ಏನಂದಾರು ಅಂದಳು. ಅದೂ ಅಲ್ಲದ ನೀವ ಒಮ್ಮೆ ಆಕೀಗೆ ಹೇಳಿದ್ರಂತಲ್ಲ, ಈ ಮಷೀನು ಬಾಣಂತಿ ಮಗ್ಗಲಿನ ಕೂಸಿದ್ದಂಗ, ಥಂಡೀನೂ ಆಗಬಾರದು ಶೆಕೀನೂ ಆಗಬಾರದು ಅಂತ. ಕೂಸು ಅಂದಮ್ಯಾಲೆ ಆಕಿ ಕೈ ಸುಮ್ನ ಇರ್ತಾವೇನ್ರಿ? ರಾತ್ರಿಯೆಲ್ಲಾ ಕುಂತು ಕೌದಿ ಹೊಲದಾಳ.

…ಕೌದೀನ್ರಿ, ಕೌದಿ. ಹಳೇ ಸೀರಿ ಹಚ್ಚಿ, ಕೈಲೆ ಹೊಲಿಗಿ ಹಾಕಿದ್ದು. ಉದ್ದಕ್ಕ, ಪೈಪಿನ ಅಳತಿಗೆ. ಮುಂಜಾನೆ ನಿಮ್ಮ ಜೀಪು ಹ್ವಾದ ಮ್ಯಾಲೆ ಹೊಚ್ಚಿದ್ದು.

…ಯಾರು ಹತ್ತಿ ಕಟ್ಟಿದ್ರು ಅಂದ್ರ… ಆಕೀಗೆ ಮಂಡಿನೋವು ಐತ್ರಿ, ನಿಚ್ಚಣಿಕಿ ಹತ್ತಾಕ ಆಗೂದಿಲ್ಲ… ಗೂಳಪ್ಪ ಒಲ್ಲೆ ಅಂದ… ಹೂಂ. ನಾನ. ಮೂರ ಕಡೆ ಲಾಡಿ ಕಟ್ಟೀನಿ. ಚಂದಂಗ ಕಟ್ಟೀನ್ರಿ, ಒಟ್ಟ ಗಾಳಿ ಹೋಗೂದಿಲ್ಲ.

…ನಗಬ್ಯಾಡ್ರಿ ಅಂದಿದ್ದೆ… ಮುನ್ನೂರಾ ಅರವತ್ತೈದು. ಈಗ ನಗೂದ ನಿಂತಿತಲ್ಲ.

…ಬಿಚ್ಚಬೇಕು, ತಿಳೀತು. ಗೂಳಪ್ಪಾ, ಇನ್ನೊಂದ ಕಾಲ ಸುತ್ತ ತಗೀಪಾ, ತಗದು ಆ ಕೌದಿ… ಅಕ್ಕಾರ, ಅಡಚಣಿ ಬಂತು. ಆಕಿ ನಿಚ್ಚಣಿಕಿ ಬುಡಕ್ಕ ಬಂದ ನಿಂತಾಳ. ಬಾಗಲದಿಂದ ಎಲ್ಲಾ ಕೇಳಿಸ್ಕೊಂಡಾಳ. ಕೌದಿ ಹೊಚ್ಚಿದ್ದಕ್ಕ ಕೂಸಿಗೆ ಜ್ವರ ಬಂತಂತ ಯಾವ ಡಾಕ್ಟರು ಹೇಳ್ಯಾರ, ಅವರ ಜೋಡಿ ನಾ ಮಾತಾಡಬೇಕು ಅಂತಾಳ… ನಾ ಹೇಳಿದ್ರ ಕೇಳತಾಳೇನ್ರಿ? ಅದರಾಗ ಆಕಿ ತವರಮನಿ ಸೀರಿ ತುಂಡ ಐತಿ, ನಡುಮಧ್ಯ, ಹಸರಂದು. ನೀವ ಮಾತಾಡ್ರಿ. ಒಳಗ ಬಾ ಬೇ, ತಗೋ, ಅಕ್ಕಾರದಾರ. ಲಗೂನ ಮಾತಾಡು.

ಫೋನು ಕೈ ಬದಲಾಯಿತು. ಬಳೆಗಳ ಸದ್ದಾಯಿತು. ಸೆರಗಿನಿಂದ ಫೋನು ಒರೆಸಿಕೊಂಡು, ಸುಶೀಲವ್ವ ಮಾತಿಗೆ ನಿಂತಳು.

ಹಲೋ… ಸಮೀಕ್ಷಾನಾ? ನಾಷ್ಟಾ ಮಾಡಿಯೇನವ್ವಾ?… ಆತು, ಆಮ್ಯಾಲೆ ಹೇಳು. ಹಾಂ, ಹೇಳು, ಕೇಳಾಕತ್ತೀನಿ…

…ಅಲ್ಲ ನಮ್ಮವ್ವಾ, ನೀನ ಹೇಳಿದ್ದಲ್ಲ ಕೂಸು ಅಂತ? ನಮ್ಮ ಕಡೆ ಕೂಸಿಗೆ ಕೌದಿ ಹೊಚ್ಚತಾರ. ನಿಮ್ಮ ಊರು ಸಂಶಿ ಕಡೆ ಹೊಚ್ಚೂದಿಲ್ಲೇನು?… ಹೊಚ್ಚತಾರಲ್ಲ ಮತ್ತ?

…ಹೂಂ… ಥಣ್ಣಗ ಇರಬೇಕು?… ಮೈಯೆಲ್ಲಾ ಅಲ್ಲ, ಅದೊಂದ ಪೈಪು ಮಾತ್ರ?… ತಡಿ. ಜ್ವರ ಬಂದಾಗ ಹಣಿ ಮ್ಯಾಲೆ ಹಸಿ ಅರಿವಿ ಹಾಕ್ತೀವಲ್ಲ, ನಾ ಆ ಅರಿವಿ ಮ್ಯಾಲೆ ಕೌದಿ ಹೊಚ್ಚಿದಂಗ ಆತೇನು?

…ಹಂಗನ್ನು. ಇಷ್ಟ ಮಾತು. ಇವರು ಆಗಿಂದ ಕಲ್ಲು ತಕ್ಕಡಿ ಅಂತ ಒದರಾಕತ್ತಿದ್ರು, ಒಂದೂ ತಿಳೀಲಿಲ್ಲ ನನಗ. ಗೂಳಪ್ಪಾ, ಬಿಚ್ಚೋ. ಲಾಡಿ ಕತ್ತರಸ್ಬ್ಯಾಡ, ಗಂಟ ಬಿಚ್ಚು. ಬರ್ಲಿಲ್ಲಂದ್ರ ಹಲ್ಲಿಲೆ ಬಿಚ್ಚು.

…ಇಲ್ಲವ್ವಾ, ಸಿಟ್ಟಿಲ್ಲ. ಸಿಟ್ಟ ಯಾಕ. ಆದ್ರ ಒಂದ ಮಾತು. ಬಂದವರು ಮ್ಯಾಲೆ ನೋಡಿ ಇದೊಂದು ಯಾಕ ಬರಿಮೈಲೆ ಐತಿ ಅಂತ ಕೇಳಿದ್ರ ನೀ ಹೇಳಬೇಕು ನೋಡು. ಇವರ ಮನಿಯಾಗ ಹೊಚ್ಚಾಕ ಇಲ್ಲ ಅಂತಲ್ಲ, ಅದಕ್ಕ ಹೊಚಗೊಳ್ಳೂ ಗುಣ ಇಲ್ಲ ಅಂತ. ಹಿಂಗ ಹೇಳಬೇಕು… ಹೂಂ. ಹಂಗ. ತಗೋರಿ, ನಿಮಗ ಮಾತಾಡಬೇಕಂತ.

…ಹಾಂ, ಅಕ್ಕಾರ, ನಾನು, ಶಂಕ್ರಪ್ಪ. ಎರಡ ಗಂಟ ಬಿಚ್ಚ್ಯಾನ, ಮೂರನೇದ್ದು ಜಗ್ಗಾಕತ್ತಾನ. ನಾ ಗಟ್ಟಿ ಕಟ್ಟೀನಿ ಅಂತ ಮ್ಯಾಲಿಂದ ನನಗ ಬೈಯಾಕತ್ತಾನ… ಬಿತ್ತ್ರಿ, ಕೌದಿ ಕೆಳಗ ಬಿತ್ತು. ಆಕಿ ಓಡಿ ಹೋಗಿ ಹಿಡಕೊಂಡಳು.

…ಶಾಖ? ಮುನ್ನೂರಾ ಅರವತ್ತೇಳು… ಗಾಜಿನ್ಯಾಗ? ಗೂಳಪ್ಪಾ, ಗಾಜು?… ನಾಕ ಬೆರಳ ಅಂತಾನ. ಏರಾಕತ್ತೈತಿ. ಕಂಪ್ಯೂಟರಿನ್ಯಾಗ ಇನ್ನೂ ತುಂಬೇತಂತ ಸುಳ್ಳ ಹೇಳಾಕತ್ತೈತಿ… ಹೂಂ, ಪೈಪು ಥಣ್ಣಗಾಗಾಕ ಹೊತ್ತು ಬೇಕು. ಅಲ್ಲಿತನಕ ಅದರ ಮಾತ ಕೇಳೂದಿಲ್ಲ. ನೀರು ನಮ್ಮ ಕೈಯಾಗ ಇರಲಿ.

…ಅರವತ್ತೆಂಟು… ಹೊಸಾ ಗ್ಯಾಸು ಇನ್ನಷ್ಟ ತಗ್ಗಿಸ್ಲೇನು?… ಬ್ಯಾಡ. ಕಾಯಬೇಕು. ಹಾಕಿದ ನೀರು ಕುದ್ದು ಶಾಖ ಎತ್ತಾಕ ಅದಕ್ಕೂ ವ್ಯಾಳ್ಯಾ ಬೇಕಲ್ರಿ… ಕಾಯತೀನಿ. ಕಾಯೂದೊಂದ ನನಗ ಬರೂದಿಲ್ಲ, ನಿಮಗ ಗೊತ್ತೈತಿ.

…

…ಇನ್ನೂ ಅರವತ್ತೆಂಟು. ಏನರ ಮಾತಾಡ್ರಿ ಅಕ್ಕಾರ, ಸುಮ್ನ ಇದ್ರ ಈ ರೂಮಿನ್ಯಾಗ ಫ್ಯಾನಿನ ಸಪ್ಪಳಾನೂ ದೊಡ್ಡದಾಗೇತಿ… ನಾ ಮಾತಾಡ್ಲಿ? ಏನ ಮಾತಾಡ್ಲಿ?… ಈ ಘಟಕ ಹ್ವಾದ್ರ ಏನ ಮಾಡ್ತೀರಿ ಅಂತ ಹ್ವಾದ ವಾರ ನೀವು ಕೇಳಿದ್ರಲ್ಲ, ನಾ ಆವತ್ತ ನಕ್ಕು ಬಿಟ್ಟಿದ್ದೆ. ಗಿರಣಿ ಐತ್ರಿ, ಬೀಗಾ ತಗದು ಬೆಲ್ಟ್ ಹಾಕಿದ್ರ ನಾಳೆನ ನಡೀತೈತಿ. ಹೊಟ್ಟಿ ಮಾತಲ್ಲ ಇದು. ಆದ್ರ ಮೊದಲನೇ ದಿನ ನೀವು ಆ ಸಣ್ಣ ಗಾಜಿನ ಮಾದರ್ಯಾಗ ಪುಡಿ ಹಾಕಿ ಕೆಳಗಿಂದ ಗಾಳಿ ಊದಿ ತೋರಿಸಿದ್ರಲ್ಲ, ಸುಮ್ನ ಕುಂತ ಪುಡಿ ನೀರಿನಂಗ ಅಲಿ ಅಲಿ ಆಗಿ ಎದ್ದಿತ್ತಲ್ಲ. ಇಷ್ಟ ವರ್ಷ ಹಿಟ್ಟಿನ್ಯಾಗ ನಿಂತೀನಿ, ಹಿಟ್ಟು ಹಿಂಗ ಕುಣಿಯೂದನ್ನ ನೋಡಿರಲಿಲ್ಲ ನಾ. ಆವತ್ತ ರಾತ್ರಿ ಊಟಾ ಮಾಡೂಮುಂದ ಸುಶೀಲವ್ವಗ ತಾಟಿನ್ಯಾಗ ಶೇಂಗಾ ಚಟ್ನಿಪುಡಿ ಹಾಕ್ಕೊಂಡು ಊದಿ ತೋರಸಾಕ ಹೋಗಿ ಕಣ್ಣಾಗೆಲ್ಲಾ ಖಾರ ಮಾಡ್ಕೊಂಡೆ… ನಗ್ರಿ, ಈಗ ನಗ್ರಿ. ಈ ವಯಸ್ಸಿಗೆ ಒಂದು ಹೊಸಾದ್ದು ತಿಳಕೊಳ್ಳೂ ರುಚಿ ಹತ್ತೈತ್ರಿ, ಅದನ್ನ ಲಾರ್ಯಾಗ ಹಾಕ್ಕೊಂಡ ಹೋಗಬ್ಯಾಡ್ರಿ ಅಂತ ನಂದು. ಇಷ್ಟ.

…ಹಾಂ, ಅರವತ್ತೆಂಟ. ಅರವತ್ತೊಂಬತ್ತಾಗಿಲ್ಲ. ಏರೂದು ನಿಂತೈತಿ ಅನಿಸ್ತೈತ್ರಿ. ಇಳದಿಲ್ಲ, ಏರಿಲ್ಲ.

…ಅವರು ಗುಡಿಯಿಂದ ಹೊರಗ ಬಂದ್ರು? ಇಷ್ಟ ಲಗೂ?… ಇಬ್ಬರದು ಬ್ಯಾರೆ ಬ್ಯಾರೆ ಲೆಕ್ಕ ಬಂದಾವ, ಜಗಳಾಡಕೋತ ಬರಾಕತ್ತಾರ? ಹೇಳಿದ್ದಿಲ್ಲೇನು ನಾ… ಡ್ರೈವರನ ಫೋನಿನ ಚಾರ್ಜ ಮುಗೀಲಿಕ್ಕೆ ಬಂತಾ? ಹಂಗಾರ ಬರ್ರಿ, ಹೊಂಡ್ರಿ.

…ಅವರಿಗೆ ಏನ ಹೇಳೂದಂತ?… ಖರೇನ ಹೇಳ್ರಿ. ಕಂಪ್ಯೂಟರಿನ್ಯಾಗ ಎಲ್ಲಾ ಬರದಿರ್ತೈತಿ, ಎಷ್ಟೊತ್ತಿಗೆ ಏರಿತು, ಎಲ್ಲಿತನಕ ಹೋತು. ಬಚ್ಚಿಟ್ಟರ ಬಚ್ಚಿಡೂದೇನೈತಿ. ಕೌದಿ ಸುದ್ದೀನೂ ಹೇಳ್ರಿ, ನಕ್ರ ನಗಲಿ. ಆದ್ರ ಅಕ್ಕಾರ, ಒಂದು… ಅದು ನನ್ನ ವಿಚಾರ ಅಂತ ಹೇಳ್ರಿ. ಕೌದಿ ಹೊಚ್ಚಬೇಕು ಅನ್ನೂದು ಶಂಕ್ರಪ್ಪಗ ತಿಳದದ್ದು, ಕಟ್ಟಿದ್ದೂ ಶಂಕ್ರಪ್ಪ ಅಂತ. ಆಕಿ ಹೆಸರ ನಡುವ ತರಬ್ಯಾಡ್ರಿ. ಆಕಿ ಬೀಗರಿಗೆಂತ ಮುಂಜಾನಿಂದ ಹೋಳಿಗಿ ಮಾಡಾಕತ್ತಾಳ, ಬಡಸೂಮುಂದ ಯಾರರ ಮುಸಿ ಮುಸಿ ನಕ್ರ… ಕೇಳಸಾಕತ್ತೈತೇನ್ರಿ?… ಹಲೋ… ಶಂಕ್ರಪ್ಪನ ವಿಚಾರ ಅಂತ ಹೇಳ್ರಿ… ಹಲೋ… ಅಕ್ಕಾರ…

ಫೋನು ಕಡಿದುಹೋಗಿತ್ತು. ಶಂಕ್ರಪ್ಪ ಅದನ್ನು ಕಿವಿಯಿಂದ ತೆಗೆಯದೆ ಹಾಗೆಯೇ ಕುಳಿತಿದ್ದ. ಪರದೆಯ ಮೇಲೆ ಮುನ್ನೂರ ಅರವತ್ತೆಂಟು ಒಮ್ಮೆ ಮಿನುಗಿ ಮುನ್ನೂರ ಅರವತ್ತೇಳಾಯಿತು. ಬಾಗಿಲಲ್ಲಿ ನಿಂತಿದ್ದ ಸುಶೀಲವ್ವ ಒಳಗೆ ಬಂದಳು. ಗಂಡನ ಕಡೆ ನೋಡಲಿಲ್ಲ, ಅಂಕಿಯನ್ನೂ ಓದಲಿಲ್ಲ. ಹೂರಣ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೂಸಿನ ಹಣೆ ಮುಟ್ಟಿ ಜ್ವರ ನೋಡುವವಳಂತೆ ಅಂಗೈಯ ಹಿಂಬದಿಯನ್ನು ಪರದೆಯ ಗಾಜಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತಳು.